ದೊಡ್ಡ ಲಿಂಪೆಟ್‌ಗಳನ್ನು ಬಂಡೆಯ ಮೇಲೇ ಬಿಡಿ

ಮಾನ್ಯ ಸಂಪಾದಕರೇ,

ದ್ವೀಪಗಳ ಪ್ರವಾಸದ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ನೀರು ಇಳಿದಾಗ ಬಂಡೆಗೆ ಅಂಟಿದ ಚಿಪ್ಪುಜೀವಿಗಳನ್ನು ಚಾಕುವಿನಿಂದ ಎಬ್ಬಿಸಿ ತಿನ್ನುವುದನ್ನು ಅದರಲ್ಲಿ ಮೋಜು ಎಂಬಂತೆ ಬಣ್ಣಿಸಲಾಗಿದೆ. ವರ್ಷಗಟ್ಟಲೆ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ನಾನು. ಓದಿ ಸಂಕಟವಾಯಿತು.

ಅವುಗಳಲ್ಲಿ ಲಿಂಪೆಟ್ ಎಂಬ ಸಮುದ್ರದ ಬಸವನಹುಳುವನ್ನೇ ನೋಡಿ. ಪುಟ್ಟ ಟೋಪಿ ಕವುಚಿಟ್ಟ ಹಾಗೆ ಬಂಡೆ ಮೇಲೆ ಕೂತಿರುತ್ತದೆ. ಆಗಾಗ ಹೊರಟು ಸುತ್ತಲಿನ ಪಾಚಿ ಕೆರೆದು ತಿನ್ನುತ್ತದೆ. ಎಷ್ಟೋ ಜಾತಿಗಳು ತಿಂದಾದ ಮೇಲೆ ತಮ್ಮ ಹಳೇ ಜಾಗಕ್ಕೇ ವಾಪಸ್ ಬರುತ್ತವೆ. ಅಲ್ಲಿನ ಕಲ್ಲಿನ ಉಬ್ಬುತಗ್ಗಿಗೆ ಚಿಪ್ಪಿನ ಅಂಚು ಸರಿಯಾಗಿ ಕೂರುತ್ತದೆ. ಹಾಗಾಗಿ ಬಿಸಿಲಲ್ಲೂ ಒಳಗಿನ ತೇವ ಆರುವುದಿಲ್ಲ. ಕೆಲವು ಜಾತಿಗಳು ಚಿಕ್ಕದಿದ್ದಾಗ ಗಂಡು, ಬೆಳೆದ ಮೇಲೆ ಹೆಣ್ಣು. ಕ್ಯಾಲಿಫೋರ್ನಿಯಾ ತೀರದ ಔಲ್ ಲಿಂಪೆಟ್ ಹಾಗೆ, ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಗಳ ಪಟೆಲ್ಲಾ ಆಸ್ಪೆರಾ ಎಂಬ ಲಿಂಪೆಟ್ ಕೂಡ ಹಾಗೇ. ಕೀಳುವವರ ಕಣ್ಣು ಬೀಳುವುದು ದೊಡ್ಡದರ ಮೇಲೇ ಅಲ್ವಾ? ಅಂದರೆ ಮೊದಲು ಹೋಗುವುದು ಮೊಟ್ಟೆ ಇಡುವ ತಾಯಂದಿರು. ಹೆಣ್ಣು ಮೊಟ್ಟೆಯನ್ನೂ ಗಂಡು ವೀರ್ಯವನ್ನೂ ನೀರಿಗೇ ಬಿಡುತ್ತವೆ. ಉಳಿದ ಲಿಂಪೆಟ್‌ಗಳು ದೂರ ದೂರ ಇದ್ದರೆ ಮೊಟ್ಟೆ, ವೀರ್ಯ ಸೇರುವುದೇ ಕಷ್ಟ. ಮರಿಗಳು ತೇಲುವುದೂ ಕೆಲವು ದಿನ ಮಾತ್ರ. ಒಂದು ದ್ವೀಪದ ತೀರ ಬರಿದಾದರೆ, ನಡುವಿನ ಸಮುದ್ರ ದಾಟಿ ಬೇರೆ ಕಡೆಯಿಂದ ಬಂದು ತುಂಬುವುದು ಸುಲಭವಲ್ಲ.

ಅಜೋರ್ಸ್‌ನಲ್ಲಿ 1980ರ ದಶಕದಲ್ಲಿ ಆದದ್ದು ಇದೇ. ಕಿತ್ತೂ ಕಿತ್ತೂ ಹಲವು ದ್ವೀಪಗಳಲ್ಲಿ ಲಿಂಪೆಟ್ ಕುಸಿದವು. 1993ರಲ್ಲಿ ಕಾನೂನು ಬಂತು: ಕೆಲವು ತಿಂಗಳು ಕೀಳುವಂತಿಲ್ಲ, ಕೆಲವು ತೀರಗಳಲ್ಲಿ ಕೈ ಹಾಕುವಂತಿಲ್ಲ, ತೀರಾ ಸಣ್ಣವನ್ನು ಮುಟ್ಟುವಂತಿಲ್ಲ. ಸಣ್ಣವನ್ನು ಬಿಡುವುದು ಸರಿಯೇ. ಆದರೆ ದೊಡ್ಡವಕ್ಕೂ ರಕ್ಷಣೆ ಬೇಕು, ಇಲ್ಲದಿದ್ದರೆ ಹೆಣ್ಣುಗಳೇ ಉಳಿಯುವುದಿಲ್ಲ. ನನ್ನ ಮಟ್ಟಿಗೆ ಪೂರ್ತಿ ಮುಚ್ಚಿದ ತೀರಗಳೇ ಹೆಚ್ಚು ಕೆಲಸಕ್ಕೆ ಬರುವ ದಾರಿ. ಸ್ಪೇನ್‌ಗೆ ಸೇರಿದ ಕೆನರಿ ದ್ವೀಪಗಳಲ್ಲಂತೂ ಅಲ್ಲಿನ ಒಂದು ಲಿಂಪೆಟ್ ಈಗ ಹೆಚ್ಚಾಗಿ ಉಳಿದಿರುವುದು ಫ್ಯುರ್ಟೆವೆಂಚುರಾ ಎಂಬ ದ್ವೀಪದಲ್ಲಿ ಮಾತ್ರ.

ಹಿಂದಿನವರೂ ತಿನ್ನುತ್ತಿದ್ದರಲ್ಲ ಎಂದು ಕೇಳಬಹುದು. ಹೌದು. ಕ್ಯಾಲಿಫೋರ್ನಿಯಾದ ಚಾನೆಲ್ ದ್ವೀಪಗಳಲ್ಲಿ ಜನ 10,000 ವರ್ಷಕ್ಕೂ ಹಿಂದಿನಿಂದ ಚಿಪ್ಪುಜೀವಿಗಳನ್ನು ತಿಂದಿದ್ದಾರೆ. ಅವರು ಎಸೆದ ಚಿಪ್ಪಿನ ರಾಶಿಗಳನ್ನು ಅಳೆದು ನೋಡಿದರೆ, ಕಾಲ ಕಳೆದಂತೆ ಚಿಪ್ಪುಗಳು ಚಿಕ್ಕದಾಗುತ್ತಾ ಬಂದದ್ದು ಕಾಣುತ್ತದೆ. ಕೈಯಿಂದ ಕಿತ್ತರೂ ಅಷ್ಟು ಪರಿಣಾಮ. ಈಗ ತೀರಕ್ಕೆ ಇಳಿಯುವ ಜನ ಎಷ್ಟು ಜಾಸ್ತಿ!

ಮುಂದಿನ ಪುರವಣಿಯಲ್ಲಿ ದಯವಿಟ್ಟು ನಾಲ್ಕು ಸಾಲು ಸೇರಿಸಿ. ಪ್ರವಾಸಿಗರು ತಾವು ಹೋಗುವ ದ್ವೀಪದಲ್ಲಿ ಯಾವ ತೀರ ಮುಚ್ಚಿದೆ, ಯಾವ ತಿಂಗಳು ಕೀಳುವಂತಿಲ್ಲ ಎಂದು ಮೊದಲೇ ವಿಚಾರಿಸಿಕೊಳ್ಳಲಿ. ಸುಮ್ನೆ ನೋಡಲು ಕಲ್ಲು ಮಗುಚಿದವರು ಅದನ್ನು ಮೊದಲಿದ್ದ ಹಾಗೇ ಇಡಲಿ.

– ನಿವೃತ್ತ ಪ್ರಾಣಿಶಾಸ್ತ್ರ ಶಿಕ್ಷಕಿ