ಮಗಳಿಗೊಂದು ಪತ್ರ: ಕೆಂಡ್ರಿಕ್ ಹಾಡಲ್ಲಿ ಅವರಪ್ಪ

ಪ್ರೀತಿಯ ಪುಟ್ಟಿ,

ರೇಷ್ಮೆ ಹುಳ ಎಲ್ಲಾ ಮೂರನೇ ಜ್ವರಕ್ಕೆ, ಅಂದ್ರೆ ಸೊಪ್ಪು ಬಿಟ್ಟು ಪೊರೆ ಕಳಚಕ್ಕೆ ಕೂತವೆ, ನಾಳೆವರೆಗೂ ಸೊಪ್ಪು ಹಾಕೋ ಕೆಲ್ಸ ಇಲ್ಲ, ಅದಕ್ಕೇ ಬರೀತಿದೀನಿ. ಮೊನ್ನೆ ಫೋನಲ್ಲಿ ಆ ಅಮೆರಿಕದ ರ‍್ಯಾಪ್ ಹಾಡುಗಾರ ಕೆಂಡ್ರಿಕ್ ಲಮಾರ್ ಮೊದಲಿನ ಥರ ಇಲ್ಲಪ್ಪ, ಆ ಮಿಸ್ಟರ್ ಮೊರೇಲ್ ಆಲ್ಬಂ ಎರಡನೇ ಸಲ ಕೇಳಕ್ಕಾಗಲ್ಲ ಅಂದ್ಯಲ್ಲ, ಅದು ನನ್ನ ತಲೇಲೇ ಕೂತ್ಬಿಡ್ತು. ನೀನು ಅರ್ಥ ಬರ್ದು ವಾಟ್ಸಾಪಲ್ಲಿ ಕಳ್ಸಿದ್ಯಲ್ಲ, ಅದನ್ನ ಮುಂದಿಟ್ಕೊಂಡು ಒಂದು ವಾರದಿಂದ ಹುಳದ ಮನೇಲಿ ರಾತ್ರಿ ಹೊತ್ತು ಅವನ ಹಳೇ ಆಲ್ಬಮ್ಮಿಂದ ಕೇಳ್ತಾ ಬಂದೆ.

2012ರ ಗುಡ್ ಕಿಡ್ ಆಲ್ಬಂ ಐತಲ್ಲ, ಅವನ ಊರು ಕಾಂಪ್ಟನ್‌ನಲ್ಲಿ ಒಂದು ದಿನದ ಕಥೆ, ಮಧ್ಯೆ ಮಧ್ಯೆ ಅವರಮ್ಮ ಫೋನ್ ಮಾಡಿ ನನ್ನ ವ್ಯಾನ್ ತಗೊಂಡು ಎಲ್ಲಿಗೋದ್ಯೋ ಅಂತಾರೆ, ಅವರಪ್ಪಂಗೆ ತನ್ನ ಡಾಮಿನೋ ಆಟದ ಕಾಯಿದೇ ಚಿಂತೆ. ಅಲ್ಲಿ ಅಪ್ಪ ಅಂದ್ರೆ ಹಿಂದ್ಗಡೆಯಿಂದ ಕೇಳ್ಸೋ ಒಂದು ದನಿ ಅಷ್ಟೇ. 2015ರ ಬಟರ್‌ಫ್ಲೈ ಆಲ್ಬಮ್ಮಲ್ಲಿ ಗೆದ್ದ ದಾರೀನೇ ಬಿಟ್ಟು ಜಾಜು, ಫಂಕು, ಕಾಮಾಸಿ ವಾಷಿಂಗ್ಟನ್ ಸ್ಯಾಕ್ಸೋಫೋನು ಅಂತ ಹೊಂಟ, ಅದು ನನ್ನ ಕಿವಿಗೆ ಹತ್ತಕ್ಕೆ ಮೂರು ರಾತ್ರಿ ಹಿಡೀತು.

2017ರ ಡ್ಯಾಮ್ ಆಲ್ಬಮ್ಮಿನ ಕೊನೇ ಹಾಡು ಡಕ್‌ವರ್ತ್ ಮಾತ್ರ ಎಷ್ಟು ಸಲ ಕೇಳಿದೀನೋ. ಕೆಎಫ್‌ಸಿ ಅನ್ನೋ ಚಿಕನ್ ಅಂಗಡೀಲಿ ಕೆಲ್ಸಕ್ಕಿದ್ದ ಅವರಪ್ಪ, ಆ ಅಂಗಡಿ ದೋಚಬೇಕು ಅಂತಿದ್ದ ಹುಡುಗಂಗೆ ದುಡ್ಡು ಕೇಳ್ದೆ ಚಿಕನ್ನು, ಮೇಲೆ ಎರಡು ಬನ್ನಿನಂಥ ಬಿಸ್ಕೆಟ್ಟು ಕೊಡ್ತಾನೆ, ಅದ್ರಿಂದ ಅವರಪ್ಪನ ಜೀವ ಉಳೀತು, ಆ ಹುಡುಗನೇ ಎಷ್ಟೋ ವರ್ಷ ಆದ್ಮೇಲೆ ಕೆಂಡ್ರಿಕ್‌ಗೆ ತನ್ನ ಕಂಪನೀಲಿ ಛಾನ್ಸ್ ಕೊಟ್ಟ. ಕಥೆ ಮುಗೀತಿದ್ದಂಗೆ ಟೇಪು ಸರ್ರಂತ ಹಿಂದಕ್ಕೋಡಿ ಆಲ್ಬಂ ಶುರುವಾದ ಮಾತಿಗೇ ಬಂದು ನಿಲ್ಲುತ್ತೆ, ಮೈ ಜುಮ್ ಅಂತು ಕಣಮ್ಮ. ಆ ಆಲ್ಬಮ್ಮಿಗೇ 2018ರಲ್ಲಿ ಪುಲಿಟ್ಜರ್ ಬಂದಿದ್ದು, ಸಂಗೀತಕ್ಕೆ ಕೊಡೋ ಆ ಪ್ರಶಸ್ತಿ ಅಲ್ಲೀವರೆಗೂ ಶಾಸ್ತ್ರೀಯ, ಜಾಜ್ ಬಿಟ್ಟು ಆಚೆ ಹೋಗಿರ್ಲಿಲ್ಲ.

ಇಷ್ಟಾದ್ಮೇಲೆ ಐದು ವರ್ಷ ಸ್ವಂತ ಆಲ್ಬಂ ಮಾಡ್ಲಿಲ್ಲ. 2022ಕ್ಕೆ ಬಂದಿದ್ದೇ ನಿಂಗೆ ಬೇಜಾರಾದ ಆಲ್ಬಮ್ಮು. ಅದ್ರಲ್ಲಿ ಫಾದರ್ ಟೈಮ್ ಅಂತ ಐತೆ ನೋಡು, ಈಗ ಅವನೂ ಇಬ್ಬರು ಮಕ್ಕಳ ಅಪ್ಪ, ತನ್ನಪ್ಪ ಕಲಿಸಿದ ಬಿಗೀನೆಲ್ಲ ಒಂದೊಂದೇ ಬಿಚ್ಚಿ ನೋಡ್ತಾನೆ. ಅಜ್ಜಿ ಸತ್ತಾಗ ಇಷ್ಟು ಬೇಗ ಕೆಲ್ಸಕ್ಕೆ ಯಾಕೋಗ್ತೀಯಪ್ಪ ಅಂತ ಕೇಳಿದ್ದಕ್ಕೆ, ಜೀವನ ಅಂದ್ರೆ ಇದೇ, ಬಿಲ್ಲು ಕಟ್ಟೋರ್ಯಾರು ಅಂದ್ರಂತೆ. ಇಂಥ ಹಾಡಿಗೆ ಹಳೇ ಬೀಟು ಹಾಕಿದ್ರೆ ಸುಳ್ಳಾಗೋದು ಪುಟ್ಟಿ.

ನಾನು ಅಲ್ಲಿಗೇ ನಿಲ್ಲಿಸ್ಬಿಟ್ಟೆ. ನಿಮ್ಮಜ್ಜಿ ಹೋದಾಗ ಹುಳ ನಾಲ್ಕನೇ ಜ್ವರ ಎದ್ದು ಸೊಪ್ಪಿಗೆ ಬಾಯಿ ಬಿಡ್ತಿದ್ವು. ಮಣ್ಣು ಮಾಡಿ ಬಂದು ಸ್ನಾನ ಮಾಡಿ ಕುಡುಗೋಲು ತಗೊಂಡು ತೋಟಕ್ಕೆ ಹೊಂಟೆ. ನೀನು ಬಾಗಿಲಲ್ಲಿ ನಿಂತು ಏನೋ ಕೇಳಕ್ಕೆ ಬಂದೆ, ಒಳಗೋಗಿ ಓದ್ಕೋ ಅಂತ ಗದರಿಸ್ದೆ. ಅಳು ಬರ್ಲಿಲ್ಲ ಅಂತಲ್ಲಮ್ಮ, ಸೊಪ್ಪಿನ ಸಾಲಲ್ಲಿ ಕೂತು ಅತ್ತಿದ್ದೆ.

ಶಿಡ್ಲಘಟ್ಟ ಮಾರ್ಕೆಟ್‌ಗೆ ಗೂಡು ಹಾಕಿ ಬಂದ್ಮೇಲೆ ಫೋನ್ ಮಾಡ್ತೀನಿ. ಅಷ್ಟರಲ್ಲಿ ಆ ಹಾಡು ಇನ್ನೊಂದ್ಸಲ ಕೇಳಿರು. ಆವತ್ತು ಬಾಗಿಲಲ್ಲಿ ಏನು ಕೇಳಕ್ಕೆ ಬಂದಿದ್ದೆ, ಅದನ್ನೂ ಹೇಳು.

ನಿಮ್ಮಪ್ಪ