ರಾಜೀನಾಮೆಯ ದಿನಾಂಕವನ್ನೂ ನ್ಯಾಯಾಲಯ ಕೇಳಲಿ

ಮಾನ್ಯರೇ,

ಮಕ್ಕಳ ಜೀವನಾಂಶದ ಪ್ರಕರಣಗಳಲ್ಲಿ 'ನನಗೆ ಈಗ ಕೆಲಸವಿಲ್ಲ' ಎಂದವರನ್ನು 'ಕೆಲಸ ಹೋಯಿತೇ, ನೀವೇ ಬಿಟ್ಟಿರೇ?' ಎಂದು ಮೊದಲ ದಿನವೇ ಕೇಳಬೇಕು. ಇದನ್ನು ಹೇಳಲೆಂದೇ ಈ ಪತ್ರ ಬರೆಯುತ್ತಿದ್ದೇನೆ. ನಾನು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನೌಕರರ ಸಂಬಳದ ಪಟ್ಟಿ ಸಿದ್ಧಪಡಿಸುವವಳು. ಮಗ ಆರನೇ ತರಗತಿಯಲ್ಲಿದ್ದಾನೆ. ಅವನ ತಂದೆ ಎಂಜಿನಿಯರ್. ಜೀವನಾಂಶದ ನೋಟಿಸ್ ಕೈಸೇರಿದ ತಿಂಗಳಲ್ಲೇ ಅವರು ಕೆಲಸಕ್ಕೆ ರಾಜೀನಾಮೆ ಕೊಟ್ಟರು.

ಅವರು ನ್ಯಾಯಾಲಯಕ್ಕೆ ಸಲ್ಲಿಸಿದ ಆಸ್ತಿ ಮತ್ತು ಸಾಲದ ಅಫಿಡವಿಟ್‌ನ ಪ್ರತಿ ನನ್ನ ಬಳಿ ಇದೆ. ಉದ್ಯೋಗದ ಮುಂದೆ 'ಇಲ್ಲ', ಮಾಸಿಕ ಆದಾಯದ ಮುಂದೆಯೂ 'ಇಲ್ಲ'. ಪುಟ ತಿರುವಿದರೆ ಖರ್ಚಿನ ಪಟ್ಟಿ: ಮನೆ ಬಾಡಿಗೆ, ಕಾರಿನ ಸಾಲದ ಕಂತು, ಪೆಟ್ರೋಲ್, ವಿಮೆ. ಒಂದು ಕಂತೂ ತಪ್ಪಿಲ್ಲ. ಹಣ ಎಲ್ಲಿಂದ ಬಂತೆಂದರೆ ಸ್ನೇಹಿತರ ಕೈಗಡ ಎಂಬ ಉತ್ತರ. ಕಾರಿನ ಕಂತಿಗೆ ಹುಟ್ಟುವ ಕೈಗಡ ಮಗನ ಶಾಲಾ ಶುಲ್ಕಕ್ಕೆ ಏಕೆ ಹುಟ್ಟುವುದಿಲ್ಲ? ಕಣ್ಣಿನ ವೈದ್ಯರು ಮಗನ ಕನ್ನಡಕದ ಪವರ್ ಬದಲಿಸಿ ಚೀಟಿ ಬರೆದುಕೊಟ್ಟಿದ್ದಾರೆ. ಈ ತಿಂಗಳು ಶುಲ್ಕ ಕಟ್ಟಿದ್ದರಿಂದ ಕನ್ನಡಕ ಮುಂದಿನ ತಿಂಗಳಿಗೆ ಹೋಗಿದೆ. ಅವನು ಮುಂದಿನ ಬೆಂಚಿನಲ್ಲಿ ಕೂರಲು ಟೀಚರ್ ಅನುಮತಿ ಪಡೆದುಕೊಂಡಿದ್ದಾನೆ.

ಇಂಥ ನಡೆಗೆ ಕಾನೂನಿನ ಒಪ್ಪಿಗೆಯೇನೂ ಇಲ್ಲ. ಆದಾಯವಿಲ್ಲ ಎಂದ ಮಾತ್ರಕ್ಕೆ, ಗಟ್ಟಿಮುಟ್ಟಾಗಿದ್ದು ವಿದ್ಯಾರ್ಹತೆಯೂ ಇರುವ ಪತಿ ಹೊಣೆಯಿಂದ ಪಾರಾಗಲಾರ ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಹೇಳಿದೆ. ಮೈಬಗ್ಗಿಸಿ ದುಡಿದಾದರೂ ಹೆಂಡತಿ ಮತ್ತು ಅಪ್ರಾಪ್ತ ಮಕ್ಕಳನ್ನು ನೋಡಿಕೊಳ್ಳಬೇಕು ಎಂದು 2022ರ ಸೆಪ್ಟೆಂಬರ್‌ನ ತೀರ್ಪಿನಲ್ಲಿ ಮತ್ತೆ ಹೇಳಿದೆ. ಆದರೆ ಈ ಮಾತುಗಳು ಕೆಳಗಿನ ನ್ಯಾಯಾಲಯದಲ್ಲಿ ನಮ್ಮಂಥವರ ಕೈಗೆ ಬರುವ ಹೊತ್ತಿಗೆ, ತಂದೆ ದುಡಿಯುತ್ತಿದ್ದಾರೆ ಎಂದು ರುಜುವಾತು ಮಾಡುವ ಹೊರೆ ತಾಯಿಯ ತಲೆಯ ಮೇಲೆ ಕೂತಿರುತ್ತದೆ. 'ನನ್ನ ಕಕ್ಷಿದಾರರಿಗೆ ಸಂಬಳ ಬರುತ್ತಿರುವ ದಾಖಲೆ ತೋರಿಸಿ' ಎಂದು ಎದುರು ವಕೀಲರು ನನ್ನನ್ನೇ ಕೇಳಿದರು. ಬೇರೆ ಮನೆಯಲ್ಲಿರುವವರ ಬ್ಯಾಂಕ್ ಖಾತೆ ನನಗೆ ಕಾಣುವುದಾದರೂ ಹೇಗೆ? ಒಬ್ಬ ವ್ಯಕ್ತಿಗೆ ಮಾತ್ರ ವಿಶೇಷವಾಗಿ ಗೊತ್ತಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕು ಎಂದು ಭಾರತೀಯ ಸಾಕ್ಷ್ಯ ಅಧಿನಿಯಮದ 109ನೇ ಸೆಕ್ಷನ್ ಹೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯ 106ನೇ ಸೆಕ್ಷನ್ ಅದೇ. ಅಗತ್ಯ ಬಿದ್ದರೆ ಅದನ್ನು ಬಳಸಬಹುದೆಂದು 2020ರ ತೀರ್ಪಿನಲ್ಲೇ ಇದೆ.

ನನ್ನ ವೃತ್ತಿಯ ಅನುಭವದಿಂದ ಒಂದು ಮಾತು. ಕೆಲಸ ಬಿಟ್ಟವರ ಜಾಡು ಕಾಗದದಲ್ಲಿ ಉಳಿದೇ ಇರುತ್ತದೆ. ಭವಿಷ್ಯನಿಧಿಯ ದಾಖಲೆಯಲ್ಲಿ ಕೆಲಸ ಬಿಟ್ಟ ದಿನಾಂಕ ಇರುತ್ತದೆ. ಸಂಬಳವೆನ್ನದೆ ಸಲಹಾ ಶುಲ್ಕವೆಂದು ಹಣ ಪಡೆದರೂ ತೆರಿಗೆ ಕಡಿತವಾಗಿದ್ದರೆ ಅದು ಆದಾಯ ತೆರಿಗೆಯ ಫಾರಂ 26ಎಎಸ್‌ನಲ್ಲಿ ಕಾಣುತ್ತದೆ. ರಾಜೀನಾಮೆ ಪತ್ರ, ಕೊನೆಯ ವರ್ಷದ ಸಂಬಳ ಮತ್ತು ತೆರಿಗೆ ಕಡಿತದ ಪ್ರಮಾಣಪತ್ರವಾದ ಫಾರಂ 16, ಭವಿಷ್ಯನಿಧಿಯ ಪಾಸ್‌ಬುಕ್, ಈ ಮೂರನ್ನು ತರಿಸಿ ನೋಟಿಸ್ ಜಾರಿಯಾದ ದಿನಾಂಕದ ಪಕ್ಕ ಇಟ್ಟು ನೋಡಲು ನ್ಯಾಯಾಧೀಶರಿಗೆ ಹೆಚ್ಚು ಹೊತ್ತು ಬೇಕಾಗದು. ತಾನಾಗಿಯೇ ಬಿಟ್ಟದ್ದು ಖಚಿತವಾದರೆ ಕೊನೆಯ ಸಂಬಳವನ್ನೇ ಆಧಾರವಾಗಿಟ್ಟುಕೊಂಡು ಜೀವನಾಂಶ ನಿಗದಿಪಡಿಸಲಿ. ಕೆನಡಾದ ಮಕ್ಕಳ ಜೀವನಾಂಶ ನಿಯಮಗಳಲ್ಲಿ ಇಂಥದ್ದೇ ಅವಕಾಶವಿದೆ: ಬೇಕೆಂದೇ ನಿರುದ್ಯೋಗಿಯಾದವರಿಗೆ ಸೂಕ್ತವೆನಿಸುವಷ್ಟು ಆದಾಯ ಇದೆಯೆಂದೇ ನ್ಯಾಯಾಲಯ ಲೆಕ್ಕ ಹಿಡಿಯಬಹುದು. ಮಗುವಿನ ಆರೈಕೆ, ಸ್ವಂತ ಅನಾರೋಗ್ಯ, ಸಕಾರಣವಾದ ಓದು ಇದ್ದರೆ ಮಾತ್ರ ವಿನಾಯಿತಿ.

ನಿಜವಾಗಿಯೂ ಕೆಲಸ ಕಳೆದುಕೊಂಡ ತಂದೆಯರ ಮೇಲೆ ನನಗೆ ಕೋಪವಿಲ್ಲ. ಅಂಥವರನ್ನು ಕಚೇರಿಯಲ್ಲಿ ಹತ್ತಿರದಿಂದ ನೋಡಿದ್ದೇನೆ. ಅನುಭವ ಪತ್ರಕ್ಕಾಗಿ, ಬಾಕಿ ಸಂಬಳಕ್ಕಾಗಿ ಮತ್ತೆ ಮತ್ತೆ ಫೋನ್ ಮಾಡುತ್ತಾರೆ, ಬೇರೆಲ್ಲಾದರೂ ಖಾಲಿ ಜಾಗ ಇದೆಯೇ ಎಂದು ನಮ್ಮನ್ನೇ ವಿಚಾರಿಸುತ್ತಾರೆ. ಅವರ ಜೀವನಾಂಶವನ್ನು ಕೆಲಸ ಸಿಗುವವರೆಗೆ ಇಳಿಸುವುದೇ ನ್ಯಾಯ. ಹಾಗೆಯೇ ಮಗು ತಂದೆಯ ಬಳಿ ಇದ್ದು, ದುಡಿಯಬಲ್ಲ ತಾಯಿಯೇ ಕೆಲಸ ಬಿಟ್ಟು ಕೂತರೂ ನನ್ನ ವಾದ ಬದಲಾಗದು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರಲ್ಲೇ ತಂದೆ ತಾಯಿ ಇಬ್ಬರನ್ನೂ ಮಕ್ಕಳಿಗೆ ಹೊಣೆ ಮಾಡಿದೆ.

ಮಧ್ಯಂತರ ಜೀವನಾಂಶದ (ಪ್ರಕರಣ ಮುಗಿಯುವವರೆಗೆ ಕೊಡಬೇಕಾದ ಜೀವನಾಂಶದ) ಅರ್ಜಿಯನ್ನು ನೋಟಿಸ್ ಜಾರಿಯಾದ 60 ದಿನಗಳೊಳಗೆ, ಸಾಧ್ಯವಾದ ಮಟ್ಟಿಗೆ, ಇತ್ಯರ್ಥಪಡಿಸಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಹೇಳುತ್ತದೆ. ಉದ್ಯೋಗವಿಲ್ಲ ಎನ್ನುವವರ ಪ್ರಕರಣಗಳಲ್ಲಿ ಈ ಗಡುವು ಇನ್ನಷ್ಟು ಕಟ್ಟುನಿಟ್ಟಾಗಬೇಕು, ಏಕೆಂದರೆ ಮುಂದಿನ ದಿನಾಂಕ ಕೇಳುತ್ತ ಹೋಗುವುದೇ ಅವರಿಗೆ ಲಾಭ. ನನ್ನಂತೆ ಕಾಯುತ್ತಿರುವ ತಾಯಂದಿರಿಗೆ ಒಂದು ಸೂಚನೆ: ಆದೇಶವಾದ ಮೇಲೂ ಹಣ ಬಾರದಿದ್ದರೆ, ಈ ಸೆಕ್ಷನ್ ಅಡಿ ವಸೂಲಿ ವಾರಂಟ್‌ಗೆ ಆಯಾ ಕಂತು ಬಾಕಿಯಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಬಾಕಿ ಉಳಿಸಿಕೊಂಡು ಸೆರೆವಾಸ ಅನುಭವಿಸಿದರೂ ಆ ಬಾಕಿ ತೀರಿದಂತಲ್ಲ, ವಸೂಲಿ ಮುಂದುವರಿಸಬಹುದು.

ಇಂತಿ,
ಒಬ್ಬ ತಾಯಿ
(ಹೆಸರು, ವಿಳಾಸ ಪ್ರಕಟಿಸಬಾರದೆಂದು ಕೋರಿಕೆ)