ಸ್ಪ್ಲಿಟ್ ದಿನ ನನ್ನ ಕಾಲ್ ಆಪ್ಷನ್ ಮುಚ್ಚಿದ್ದರ ಬಗ್ಗೆ ದೂರು

ದಿನಾಂಕ: 1 ಆಗಸ್ಟ್ 2022

ಇವರಿಗೆ,
ನನ್ನ ಷೇರು ಬ್ರೋಕರ್ ಸಂಸ್ಥೆಯ ಗ್ರಾಹಕರ ದೂರು ವಿಭಾಗದ ಅಧಿಕಾರಿಗಳು

ವಿಷಯ: ಟಾಟಾ ಸ್ಟೀಲ್ ಷೇರು ವಿಭಜನೆಯ (ಸ್ಪ್ಲಿಟ್) ದಿನ ನಿಮ್ಮ ತಪ್ಪು ಮಾರ್ಜಿನ್ ಲೆಕ್ಕದಿಂದ ಆದ ನಷ್ಟ

ಮಾನ್ಯರೇ,

ನನ್ನ ಬಳಿ ಟಾಟಾ ಸ್ಟೀಲ್‌ನ 425 ಷೇರುಗಳಿದ್ದವು. ಸರಿಯಾಗಿ ಒಂದು ಲಾಟ್, ಅಂದರೆ ಒಂದು ಆಪ್ಷನ್ ಒಪ್ಪಂದಕ್ಕೆ ಬೇಕಾದಷ್ಟು. ಅವನ್ನು ಮಾರ್ಜಿನ್‌ಗೆಂದು (ವ್ಯವಹಾರಕ್ಕೆ ಇಡಬೇಕಾದ ಭದ್ರತೆಗೆಂದು) ನಿಮ್ಮಲ್ಲಿ ಪ್ಲೆಡ್ಜ್ (ಅಡಮಾನ) ಮಾಡಿ, ಆಗಸ್ಟ್ ತಿಂಗಳ 1000 ಸ್ಟ್ರೈಕ್‌ನ ಕಾಲ್ ಷೇರಿಗೆ 24.50ರಂತೆ ಮಾರಿದ್ದೆ. ಅಂದರೆ ನನ್ನಿಂದ ಷೇರನ್ನು 1000 ರೂಪಾಯಿಗೆ ಕೊಳ್ಳುವ ಹಕ್ಕನ್ನು ಇನ್ನೊಬ್ಬರಿಗೆ ಮಾರಿದ್ದೆ. ಬೆಲೆ ಎಷ್ಟೇ ಏರಿದರೂ ಡೆಲಿವರಿ ಕೊಡಲು ಷೇರು ಇತ್ತು. ಅದೇ ಧೈರ್ಯದ ಮೇಲೆ ಮಾಡಿದ ವ್ಯವಹಾರ ಅದು.

ಜುಲೈ 28ರಿಂದ 10 ರೂಪಾಯಿ ಮುಖಬೆಲೆಯ ಒಂದು ಷೇರು 1 ರೂಪಾಯಿಯ ಹತ್ತು ಷೇರಾಯಿತು. ಆಪ್ಷನ್ ಕಡೆ ಎಲ್ಲ ಸರಿಯಾಗಿಯೇ ನಡೆಯಿತು. ಸ್ಟ್ರೈಕ್ 100 ಆಯಿತು, ಲಾಟ್ 4250 ಆಯಿತು, ನಾನು ಮಾರಿದ ಬೆಲೆ 2.45 ಆಯಿತು. ಒಟ್ಟು ಮೌಲ್ಯ ಬದಲಾಗಲಿಲ್ಲ. ಬದಲಾಗಬಾರದು ಅಂತಲೇ ಅಲ್ವಾ ಈ ಹೊಂದಾಣಿಕೆ ಇರುವುದು?

ತಪ್ಪಾಗಿದ್ದು ಪ್ಲೆಡ್ಜ್ ಕಡೆ. ಯಾರ ಬಳಿ ಷೇರಿದೆ ಎಂದು ಕಂಪನಿ ನೋಡುವ ರೆಕಾರ್ಡ್ ದಿನ ಇದ್ದದ್ದು 29ಕ್ಕೆ. ಅದು ಮುಗಿದ ಮೇಲೆಯೇ ಹೊಸ ಷೇರುಗಳು ಹೊಸ ಐಎಸ್‌ಐಎನ್ (ಷೇರಿನ ಗುರುತು ಸಂಖ್ಯೆ) ಪಡೆದು ಡಿಮ್ಯಾಟ್‌ಗೆ ಬರುತ್ತವೆ. 28ರ ಬೆಳಗ್ಗೆ ನಿಮ್ಮ ಸಿಸ್ಟಮ್ ಹಳೆಯ 425 ಷೇರನ್ನು ಹೊಸ ಬೆಲೆಯಿಂದ ಗುಣಿಸಿತು. ಸುಮಾರು 4 ಲಕ್ಷದ ಷೇರಿಗೆ 40 ಸಾವಿರದ ಲೆಕ್ಕ ಹಾಕಿತು. ಆಪ್ಷನ್‌ಗೆ ಹತ್ತರ ಲೆಕ್ಕ ಹಿಡಿದ ನೀವು ಅದೇ ಷೇರಿನ ಪ್ಲೆಡ್ಜ್‌ಗೆ ಯಾಕೆ ಹಿಡಿಯಲಿಲ್ಲ?

9:32ಕ್ಕೆ ಮಾರ್ಜಿನ್ ಕೊರತೆ ಎಂದು ಮೆಸೇಜ್ ಬಂತು. ನಾನಾಗ ಅಮ್ಮನನ್ನು ಕರೆದುಕೊಂಡು ಆಸ್ಪತ್ರೆಯಲ್ಲಿದ್ದೆ. 9:58ಕ್ಕೆ ನೀವೇ ಆ ಕಾಲ್ ಅನ್ನು 3.90ಕ್ಕೆ ಕೊಂಡು ಮುಚ್ಚಿದಿರಿ. ಷೇರಿಗೆ 1.45ರಂತೆ 4250ಕ್ಕೆ 6,162.50 ರೂಪಾಯಿ ನಷ್ಟ. ಅದರ ಮೇಲೆ ಹೀಗೆ ಮುಚ್ಚಿದ್ದಕ್ಕೆ ಸ್ಕ್ವೇರ್ ಆಫ್ ಶುಲ್ಕ ಬೇರೆ.

ಫೋನ್ ಮಾಡಿದರೆ, "ಸ್ಪ್ಲಿಟ್ ಆದಾಗ ಬೆಲೆ ಬೀಳುತ್ತೆ ಸರ್, ಇದು ಮಾರ್ಕೆಟ್ ರಿಸ್ಕ್" ಅಂದರು. ಈ ಮಾತು ನನಗೆ ನಷ್ಟಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಮಾರ್ಕೆಟ್ ರಿಸ್ಕ್ ನನ್ನದೇ, ಒಪ್ಪುತ್ತೇನೆ. ಆದರೆ ಸ್ಪ್ಲಿಟ್ ದಿನಾಂಕ ಮೊದಲೇ ಗೊತ್ತಿತ್ತು, ಎಕ್ಸ್‌ಚೇಂಜ್ ಸುತ್ತೋಲೆ ಬಂದಿತ್ತು. ಇದು ಲೆಕ್ಕದ ತಪ್ಪು.

6,162.50 ರೂಪಾಯಿಯನ್ನೂ ಆ ದಿನದ ಎಲ್ಲ ಶುಲ್ಕಗಳನ್ನೂ ನನ್ನ ಖಾತೆಗೆ ಹಿಂದಿರುಗಿಸಿ. 28ರಂದು ಎಷ್ಟು ಷೇರು, ಯಾವ ಬೆಲೆ ಹಿಡಿದು ಮಾರ್ಜಿನ್ ಲೆಕ್ಕ ಹಾಕಿದಿರಿ ಎಂದು ಬರಹದಲ್ಲಿ ತಿಳಿಸಿ. ಹೊಸ ಷೇರು ಡಿಮ್ಯಾಟ್‌ಗೆ ಬರುವ ತನಕ ಅವನ್ನೂ ಪ್ಲೆಡ್ಜ್ ಲೆಕ್ಕಕ್ಕೆ ಸೇರಿಸುವ ವ್ಯವಸ್ಥೆ ಮಾಡಿ. ನನ್ನಂತೆ ಷೇರು ಇಟ್ಟುಕೊಂಡೇ ಕಾಲ್ ಮಾರುವವರು ನಿಮ್ಮಲ್ಲಿ ಇನ್ನೂ ಇರುತ್ತಾರೆ.

15 ದಿನದೊಳಗೆ ಉತ್ತರ ಬರದಿದ್ದರೆ ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ದೂರು ತಾಣ ಸ್ಕೋರ್ಸ್‌ನಲ್ಲಿ ದೂರು ಕೊಡುತ್ತೇನೆ. ಕಾಂಟ್ರಾಕ್ಟ್ ನೋಟ್, ಮೆಸೇಜ್ ಮತ್ತು ಅಂದಿನ ಮಾರ್ಜಿನ್ ಪುಟದ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ